ಬಾಯಾರಿದ ಮೋಟರು

ಏಳು ವಾರ ನಾನು ಮೋಟರಾಗಿದ್ದೆ.

ನಗುವವರು ನಗಬಹುದು. ಆಗ ಚಳ್ಳಕೆರೆಯಲ್ಲಿ ಬಹಳ ಜನ ನಕ್ಕರು. ಅವರ ಜೊತೆ ನಾನೂ ನಕ್ಕೆ. ನಗದಿದ್ದರೆ ಕೆಲಸ ಹೋಗುತ್ತಿತ್ತು. ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬರೆಯುವುದು ನಿಧಾನ. ಮರೆಯುವುದು ಅದಕ್ಕಿಂತ ನಿಧಾನ.

ಎರಡು ಸಾವಿರದ ಎರಡನೇ ಇಸವಿ. ಬಳ್ಳಾರಿ ರಸ್ತೆಯ ಬದಿಗೆ ಮೂಡಲಗಿರಿಯಪ್ಪನವರ ವರ್ಕ್‌ಶಾಪು. ಟ್ರ್ಯಾಕ್ಟರಿಗೆ ಟ್ರೇಲರ್ ಮಾಡುವ ಜಾಗ. ಅಲ್ಲಿ ಹನ್ನೊಂದು ವರ್ಷದಿಂದ ನಾನು ಕಬ್ಬಿಣ ಹೊರುತ್ತಿದ್ದೆ. ನಮ್ಮ ಕೇರಿಯ ರೇಣುಕಮ್ಮ ತಂತಿಯ ಬ್ರಷ್ಷು ಹಿಡಿದು ಬೆಸುಗೆಯ ಮೇಲಿನ ಕರಿ ಉಜ್ಜುತ್ತಿದ್ದಳು. ವೆಲ್ಡಿಂಗ್ ಮಾಡುವವನು ಹನುಮಂತರಾಜು, ಸಾವ್ಕಾರರ ಅಕ್ಕನ ಮಗ, ಐಟಿಐ ಓದಿದವನು. ನನ್ನ ಕಿರಿಮಗನಿಗಿಂತ ಚಿಕ್ಕವನು. ನನ್ನನ್ನು ಕರೆಯುತ್ತಿದ್ದುದು 'ಲೇ ದುರುಗ' ಎಂದು. ನನಗೆ ಆಗಲೇ ಐವತ್ತೆರಡು.

ಶೆಡ್ಡಿನ ಮೂಲೆಯಲ್ಲಿ ಮರಳಿನ ಮೇಲೆ ಒಂದು ಮಣ್ಣಿನ ಹರವಿ. ಅದರ ಮೇಲೆ ಸ್ಟೀಲಿನ ಚೊಂಬು. ನಾನು, ರೇಣುಕಮ್ಮ ಅದನ್ನು ಮುಟ್ಟುವಂತಿರಲಿಲ್ಲ. ಬೇರೆ ಯಾರಾದರೂ ಮೊಗೆದು ಮೇಲಿನಿಂದ ನಮ್ಮ ಬೊಗಸೆಗೆ ಹೊಯ್ಯಬೇಕು. ಮುಟ್ಟಬೇಡಿ ಎಂದು ಅಲ್ಲಿ ಬೋರ್ಡು ಬರೆದಿರಲಿಲ್ಲ. ಬರೆದಿದ್ದರೆ ಪೊಲೀಸರು ಓದುತ್ತಿದ್ದರು. ಬರೆಯದೆ ಇದ್ದುದನ್ನು ನಾವಷ್ಟೇ ಓದುತ್ತಿದ್ದೆವು. ಎರಡನೇ ಕ್ಲಾಸಿನ ಓದು ಅದಕ್ಕೆ ಸಾಕಾಗುತ್ತಿತ್ತು.

ಆ ವರ್ಷ ಸಾವ್ಕಾರರು ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಒಂದು ಕಾರ್ಖಾನೆಯಿಂದ ಹಳೆಯ ವೆಲ್ಡಿಂಗ್ ಮಷೀನು ತಂದರು. ಅದಕ್ಕೆ ಕಡ್ಡಿ ಬೇಡ. ಒಂದು ಕಡ್ಡಿ ಮುಗಿಯಿತು, ಇನ್ನೊಂದು ಸಿಗಿಸು ಎನ್ನುವ ರಗಳೆ ಇಲ್ಲ. ತಾಮ್ರದ ಬಣ್ಣದ ಸಣ್ಣ ತಂತಿ, ದೊಡ್ಡ ಉರುಳೆಗೆ ಸುತ್ತಿದ್ದು. ತೆಂಗಿನಕಾಯಿಯಷ್ಟು ಗಾತ್ರದ ಒಂದು ಮೋಟರು ಎರಡು ಪುಟ್ಟ ಗಾಲಿಗಳನ್ನು ತಿರುಗಿಸುತ್ತದೆ. ಗಾಲಿಗಳ ನಡುವೆ ಸಿಕ್ಕ ತಂತಿ ಪೈಪಿನೊಳಗೆ ಹರಿದು, ವೆಲ್ಡಿಂಗ್ ಮಾಡುವವನು ಕೈಯಲ್ಲಿ ಹಿಡಿಯುವ ಗನ್ನಿನ ಬಾಯಿಂದ ಹೊರಗೆ ಬರುತ್ತದೆ. ಬಂದ ಹಾಗೇ ಕರಗುತ್ತದೆ. ತಂತಿಯ ವೇಗ ಸರಿಯಾಗಿದ್ದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಒಂದೇ ಸಮ ಸದ್ದು. ಹೆಚ್ಚಾದರೆ ತಂತಿ ಕಬ್ಬಿಣಕ್ಕೆ ಗುದ್ದಿ ಗನ್ನನ್ನೇ ಹಿಂದಕ್ಕೆ ತಳ್ಳುತ್ತದೆ. ಕಡಿಮೆಯಾದರೆ ಬೆಂಕಿ ಹಿಂದಕ್ಕೆ ಬಂದು ಗನ್ನಿನ ಬಾಯಿಯೇ ಬೆಸೆದು ಹೋಗುತ್ತದೆ. ಎಲ್ಲ ಆ ಪುಟ್ಟ ಮೋಟರಿನ ಕೈಯಲ್ಲಿತ್ತು.

ಮೂರನೇ ತಿಂಗಳಿಗೆ ತಂತಿ ಸಿಕ್ಕಿಕೊಂಡಿತು. ಹನುಮಂತರಾಜು ಗಾಲಿಯ ಸ್ಕ್ರೂ ಬಿಗಿ ಮಾಡಿದ. ಸಿಕ್ಕು ಹೆಚ್ಚಾಯಿತು. ಇನ್ನೂ ಬಿಗಿ ಮಾಡಿದ. ಮೋಟರು ಗೊರಗುಟ್ಟಿತು, ಹೊಗೆ ಬಿಟ್ಟಿತು, ನಿಂತಿತು.

"ಮೋಟ್ರು ಸರಿ ಇಲ್ಲ ಮಾವ" ಎಂದ.

ಊರಿನ ಬೋರ್‌ವೆಲ್ ಮೋಟರುಗಳನ್ನೆಲ್ಲ ಸುತ್ತಿ ಬದುಕಿಸುವ ಗಾದ್ರಪ್ಪನನ್ನು ಕರೆಸಿದರು. ಅವನು ಬಿಚ್ಚಿ ನೋಡಿದ, ಮೂಸಿ ನೋಡಿದ, ಮುಚ್ಚಿದ.

"ಇದು ನಮ್ ಕಡೆ ಮೋಟ್ರಲ್ಲ ಸಾವ್ಕಾರ್ರೆ. ನಮ್ಮವು ನೀರು ಎತ್ತುತಾವೆ. ಇದು ತಂತಿ ನೂಕುತೈತೆ. ಬೆಂಗಳೂರಿಗೇ ಕಳಿಸ್ರಿ."

ಒಂದೇ ಕೈಯಲ್ಲಿ ಅದನ್ನು ಎತ್ತಿಕೊಂಡು ಹೋಗಿ ಬಸ್ಸಿನ ಪಾರ್ಸಲ್ಲಿಗೆ ಹಾಕಿದ. ಬೆಂಗಳೂರಿನವರು ಇವತ್ತು ಎಂದರು, ನಾಳೆ ಎಂದರು, ಒಳಗಿನ ಸಾಮಾನು ಸಿಗುತ್ತಿಲ್ಲ ಎಂದರು. ಇತ್ತ ಪರಶುರಾಂಪುರದ ಕಡೆಯವರಿಗೆ ಆರು ಟ್ರೇಲರು ಒಪ್ಪಿಕೊಂಡಾಗಿತ್ತು. ಶೇಂಗಾ ಕೀಳುವ ಹೊತ್ತಿಗೆ ಹೊಲದ ಮುಂದೆ ನಿಂತಿರಬೇಕು.

ಆಗ ಸಾವ್ಕಾರರಿಗೆ ಬುದ್ಧಿ ಓಡಿತು. ಮೋಟರು ಇದ್ದ ಜಾಗಕ್ಕೆ ಹಳೇ ಸೈಕಲ್ಲಿನ ಪೆಡಲು ಕೂಡಿಸಿದರು. ಕೈಯಲ್ಲಿ ತಿರುಗಿಸಿದರೆ ಗಾಲಿ ತಿರುಗುತ್ತದೆ, ತಂತಿ ಹೋಗುತ್ತದೆ. ವಾಚ್‌ಮನ್ ಮಾರಣ್ಣ ಮೊದಲು ಕೂತ. ಎರಡು ನಿಮಿಷದಲ್ಲಿ ತಂತಿ ಗಾಲಿಯ ಹತ್ತಿರವೇ ಸುರುಳಿಗಟ್ಟಿ ಗುಬ್ಬಿ ಗೂಡಾಯಿತು. ಹನುಮಂತರಾಜುವಿನ ಗೆಳೆಯನೊಬ್ಬ ಬಂದು ಕೂತ. ಅವನಿಗೆ ಜಿಮ್ಮಿನ ತೋಳಿತ್ತು. ತೋಳಿನ ಬಲಕ್ಕೆ ಹನುಮಂತರಾಜು ಗನ್ನಿನ ಸಮೇತ ಹಿಂದಕ್ಕೆ ಕೂತ.

"ಲೇ ದುರುಗ, ನೀನು ಬಾರಲೇ" ಎಂದರು ಸಾವ್ಕಾರರು.

ನಾನು ಕೂತೆ. ಪೆಡಲು ಹಿಡಿದೆ. ತಿರುಗಿಸಿದೆ. ಸಾಸಿವೆ ಸಿಡಿಯಿತು.

ಅವರಿಗೆ ಅದು ಆಶ್ಚರ್ಯ. ನನಗಲ್ಲ. ನಾನು ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಏಳನೇ ವಯಸ್ಸಿನಿಂದ ಇಪ್ಪತ್ತರ ತನಕ ಅವ್ವನ ಜೊತೆ ನೇಕಾರರ ಮನೆಯ ಮುಂದೆ ಕೂತು ರಾಟೆ ತಿರುಗಿಸಿ ಕಂಡಿಕೆ ಎಂಬ ಪುಟ್ಟ ಕೊಳವೆಗೆ ರೇಷ್ಮೆ ಸುತ್ತಿದವನು. ಕೈ ಒಂದು ಕೂದಲಷ್ಟು ಹೆಚ್ಚು ಕಡಿಮೆಯಾದರೆ ರೇಷ್ಮೆ ಹರಿಯುತ್ತದೆ. ಕೂರುವುದು ಜಗಲಿಯ ಕೆಳಗೆ, ಬಿಸಿಲಲ್ಲಿ. ಸುತ್ತಿದ ಕಂಡಿಕೆಯನ್ನು ಹೊಸ್ತಿಲಿನ ತನಕ ಉರುಳಿಸಬೇಕು. ರೇಷ್ಮೆಗೆ ಮೈಲಿಗೆ ಇಲ್ಲ ಎಂದು ಆ ಮನೆಯ ಅಜ್ಜಿ ಹೇಳುತ್ತಿದ್ದಳು. ಅದು ನಮ್ಮ ಬೆರಳುಗಳ ನಡುವೆ ಇಡೀ ದಿನ ಹರಿದರೂ ಮಡಿ. ನಾವು ಹೊಸ್ತಿಲು ದಾಟಿದರೆ ಮನೆಯೇ ಮೈಲಿಗೆ. ರೇಷ್ಮೆ ಪುಣ್ಯ ಮಾಡಿತ್ತು.

ಕೈ ಹದ ತಪ್ಪದಿರಲು ಅವ್ವ ಒಂದು ಉಪಾಯ ಕಲಿಸಿದ್ದಳು. ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ ಊರುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಒಂದು ಸುತ್ತಿಗೆ ಒಂದು ಊರು. ಹಾನಗಲ್ಲು. ಬಿ.ಜಿ. ಕೆರೆ. ತಳಕು. ಚಳ್ಳಕೆರೆ. ಮತ್ತೆ ಹಾನಗಲ್ಲು. ಹೀಗೆ ನಾನು ಟಿಕೆಟ್ಟಿಲ್ಲದೆ ಲಕ್ಷ ಸಲ ಚಳ್ಳಕೆರೆಗೆ ಬಂದಿದ್ದೆ.

ರೇಷ್ಮೆ ಹೋಗಿ ಕಬ್ಬಿಣ ಬಂದಿತ್ತು. ಊರುಗಳು ಅವೇ.

ಅವತ್ತಿನಿಂದ ನನ್ನ ಹೆಸರು ಮೋಟ್ರು. "ಮೋಟ್ರು ಬಂತೇನ್ರಪ್ಪ?" "ಮೋಟ್ರು ಒಂದಕ್ಕೆ ಹೋಗೈತೆ ಮಾವ." ಕಬ್ಬಿಣ ಹೊರುವ ಕೆಲಸ ನಿಲ್ಲಲಿಲ್ಲ. ಬೆಳಿಗ್ಗೆ ಹೊರುವುದು, ಆಮೇಲೆ ಸಂಜೆ ತನಕ ತಿರುಗಿಸುವುದು. ನಿಮಿಷಕ್ಕೆ ಐವತ್ತು ಸುತ್ತು. ಮೂರನೇ ದಿನಕ್ಕೆ ಬಲ ಭುಜ ಊದಿತು. ಎಡಗೈಗೆ ಬದಲಾಯಿಸಿದೆ. ಅದೂ ಊದಿತು. ಹನುಮಂತರಾಜುವಿನ ಮುಖಕ್ಕೆ ಕಪ್ಪು ಗಾಜಿನ ಗುರಾಣಿ ಇತ್ತು. ನನಗಿರಲಿಲ್ಲ.

"ಮೋಟ್ರಿಗೆ ಕಣ್ಣು ಇರ್ತಾವೇನಲೇ?" ಎಂದಿದ್ದ.

ಆದ್ದರಿಂದ ಬೆಳಕಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಕಣ್ಣು ಬಿಟ್ಟು ಕಿವಿಯಿಂದ ಕೆಲಸ ಮಾಡಿದೆ. ಸದ್ದು ದಪ್ಪವಾದರೆ ಕೈ ತಡೆಯುವುದು, ತೆಳುವಾದರೆ ಓಡಿಸುವುದು. ಆದರೂ ಗೋಡೆಗೆ ಬಡಿದು ಬಂದ ಬೆಳಕಿಗೆ ಕಣ್ಣು ಮರಳು ಹಾಕಿದಂತೆ ಉರಿಯುತ್ತಿತ್ತು. ಮನೆಗೆ ಹೋದರೆ ನನ್ನ ಹೆಂಡತಿ ಬೋರಕ್ಕ ರೆಪ್ಪೆಯ ಮೇಲೆ ಆಲೂಗಡ್ಡೆ ಹೋಳು ಇಡುತ್ತಿದ್ದಳು.

"ಮುದ್ದೆ ಬಡಿಸ್ಲಾ, ಗ್ರೀಸು ಹಚ್ಲಾ?" ಎಂದು ಕೇಳುತ್ತಿದ್ದಳು.

"ಎರಡೂ ಮಾಡು."

"ಅಲ್ಲಾ, ನೀನು ಮೋಟ್ರಾದ್ರೆ ನಾನು ಯಾರು? ಸ್ವಿಚ್ಚಾ?"

"ನೀನು ಮೇನ್ ಲೈನು ಕಣೆ."

ನಗುತ್ತಿದ್ದಳು. ನನ್ನ ಭುಜ ಕಂಡಾಗ ಮಾತ್ರ ನಗು ನಿಲ್ಲಿಸಿ ಬಿಸಿನೀರು ಕಾಯಿಸಲು ಹೋಗುತ್ತಿದ್ದಳು.

ಭುಜ, ಕಣ್ಣು ಎಲ್ಲ ತಡೆದುಕೊಂಡೆ. ತಡೆಯಲಾಗದ್ದು ಬಾಯಾರಿಕೆ. ಆ ಮಷೀನಿಗೆ ಗಾಳಿ ಆಗದು. ಗಾಳಿ ಬೀಸಿದರೆ ಗನ್ನಿನಿಂದ ಬರುವ ಗ್ಯಾಸು ಚದುರಿ ಬೆಸುಗೆ ತೂತು ತೂತು. ಅದಕ್ಕೆ ಫ್ಯಾನು ಬಂದ್, ಬಾಗಿಲು ಬಂದ್, ತಲೆಯ ಮೇಲೆ ತಗಡು. ಹರವಿ ನನ್ನಿಂದ ಹತ್ತು ಹೆಜ್ಜೆ. ನೀರು ಒಸರಿ ಅದರ ಹೊಟ್ಟೆ ತಣ್ಣಗೆ ಹೊಳೆಯುವುದು ನನಗೆ ಕಾಣುತ್ತಿತ್ತು. ಒಂದು ಬೆಸುಗೆ ಮುಗಿದರೆ ಹನುಮಂತರಾಜು ಹೋಗಿ ಕುಡಿಯುತ್ತಿದ್ದ. ನೆನಪಾದರೆ ನನಗೂ ಹೊಯ್ಯುತ್ತಿದ್ದ. ಅವನಿಗೆ ನೆನಪಿನ ಶಕ್ತಿ ಕಡಿಮೆ.

ನಾಲ್ಕನೇ ವಾರ. ಪರಶುರಾಂಪುರದ ಗಿರಾಕಿಯೊಬ್ಬ ಟ್ರೇಲರು ನೋಡಲು ಬಂದಿದ್ದ. ಬೆಳಿಗ್ಗೆಯಿಂದ ಟ್ರೇಲರಿನ ತಳದ ಉದ್ದನೆಯ ಚಾಸಿ ಬೆಸೆಯುತ್ತಿದ್ದೆವು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎರಡು ಸಲ ನೀರು ಕೇಳಿದ್ದೆ. ಹನುಮಂತರಾಜು ಚೊಂಬು ತುಂಬಿಕೊಂಡು ಬಂದ. ನನ್ನ ಮುಂದೆ ನಿಂತು ಕುಡಿದ. ಉಳಿದದ್ದನ್ನು ಕೆಂಪಗೆ ಕಾದಿದ್ದ ತುಂಡು ಕಬ್ಬಿಣದ ಮೇಲೆ ಸುರಿದ. ಕಬ್ಬಿಣ ಚುಂಯ್ ಎಂದು ಕುಡಿಯಿತು.

ನಾನು ಪೆಡಲು ಬಿಟ್ಟು ಸಾವ್ಕಾರರನ್ನು ಕೇಳಿದೆ. "ಸಾವ್ಕಾರ್ರೆ, ನೀರು ನಾನೇ ಮೊಕ್ಕಂತೀನಿ. ಇಲ್ಲಾಂದ್ರೆ ಮನೆಯಿಂದ ಒಂದು ಕೊಡ ತಂದು ಇಲ್ಲಿ ಇಟ್ಕಂತೀನಿ. ಯಾವ್ದು ಹೇಳ್ರಿ."

ಅವರು ಗಿರಾಕಿಯ ಮುಖ ನೋಡಿದರು. ಗಿರಾಕಿ ಇದ್ದರೆ ಅವರಿಗೆ ಮಾತು ಚೆನ್ನಾಗಿ ಬರುತ್ತಿತ್ತು.

"ಮೋಟ್ರಿಗೆ ಯಾಕಲೇ ನೀರು? ಮೋಟ್ರಿಗೆ ನೀರು ತಾಗಿದ್ರೆ ಶಾಕ್ ಹೊಡಿತೈತೆ." ಗಿರಾಕಿಯ ಕಡೆ ತಿರುಗಿದರು. "ನೋಡ್ರಿ ನಮ್ ಮೋಟ್ರು. ಕರೆಂಟು ಬ್ಯಾಡ, ನೀರು ಬ್ಯಾಡ. ಬೆಂಗಳೂರ್ನೋರೂ ಇಂಥದ್ದು ಮಾಡಿಲ್ಲ."

ಗಿರಾಕಿ ನಕ್ಕ. ಮಾರಣ್ಣ ನಕ್ಕ. ಹನುಮಂತರಾಜು ಗುರಾಣಿಯೊಳಗೆ ನಕ್ಕ. ನಾನೂ ನಕ್ಕೆ. ತುಟಿ ಒಡೆದು ರಕ್ತ ಬಂತು. ರೇಣುಕಮ್ಮ ನಗಲಿಲ್ಲ. ಬ್ರಷ್ಷು ಉಜ್ಜುತ್ತಲೇ ಇದ್ದಳು, ಕರಿ ಹೋದ ಮೇಲೂ.

ಆ ತಮಾಷೆ ಸಾವ್ಕಾರರಿಗೆ ಬಹಳ ಹಿಡಿಸಿತು. ಊರೆಲ್ಲ ಹೇಳಿಕೊಂಡು ಬಂದರು. ಮನೆಯಲ್ಲಿ ತಾಯಿಗೂ ಹೇಳಿದರು. ಅಲ್ಲಿ ತಪ್ಪಿದರು.

ಅವರ ತಾಯಿ ಶಿವಬಸಮ್ಮನವರಿಗೆ ಎಂಬತ್ತರ ಹತ್ತಿರ. ಪ್ರತಿ ಆಯುಧಪೂಜೆಗೆ ಅವರೇ ಬಂದು ಪೂಜೆ ಮಾಡುವುದು. ಅವರದೊಂದು ನಂಬಿಕೆ. ವರ್ಷವೆಲ್ಲ ದುಡಿದ ಒಂದೇ ಒಂದು ಸಾಮಾನಿಗೆ ಕುಂಕುಮ ತಪ್ಪಿದರೂ ಅದು ಮುಂದಿನ ವರ್ಷ ಮನೆಯವರ ರಕ್ತ ಕೇಳುತ್ತದೆ. ಅವರ ಗಂಡ ಒಮ್ಮೆ ಮೂಲೆಯ ಸುತ್ತಿಗೆಯೊಂದನ್ನು ಮರೆತು ಹೆಬ್ಬೆರಳು ಕಳೆದುಕೊಂಡಿದ್ದರಂತೆ. ಅದಕ್ಕೆ ಅವರು ಸಾಮಾನುಗಳ ಹೆಸರು ಹೇಳಿಸಿ, ಒಂದೊಂದನ್ನೂ ಕಣ್ಣಿಂದ ನೋಡಿಯೇ ಪೂಜೆ ಮಾಡುವರು.

ನಮ್ಮ ಪದ್ಧತಿ ಬೇರೆ. ಹಿಂದಿನ ದಿನ ಎಲ್ಲ ಸಾಮಾನು ನಾನು, ರೇಣುಕಮ್ಮ ತಿಕ್ಕಿ ತೊಳೆಯಬೇಕು. ಪೂಜೆಯ ಹೊತ್ತಿಗೆ ಗೇಟಿನ ಆಚೆ ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಮಾರಣ್ಣ ಮಂಡಕ್ಕಿ, ಬಾಳೆಹಣ್ಣು ತಂದು ಮೇಲಿನಿಂದ ನಮ್ಮ ಟವಲಿಗೆ ಸುರಿಯುವನು. ಹನ್ನೊಂದು ವರ್ಷ ಟವಲು ಒಡ್ಡಿದ್ದೆ.

ಆ ಸಲ ನಾನು ಬೆಳಿಗ್ಗೆ ಮನೆಯಲ್ಲಿ ಸ್ನಾನ ಮಾಡಿದೆ. ಬಿಳಿ ಅಂಗಿ ಹಾಕಿದೆ. ಬೋರಕ್ಕ ಕೇಳಿದಳು, "ಎಲ್ಲಿಗೆ, ಮದುವೆಗಾ?"

"ಪೂಜೆಗೆ."

"ಗೇಟಿನಾಚೆ ನಿಲ್ಲಾಕೆ ಇಷ್ಟು ಬಿಳಿ ಅಂಗಿನಾ?"

ನಾನು ಅಂಗಿಯ ಗುಂಡಿ ಹಾಕಿಕೊಂಡೆ. ಅವಳು ನನ್ನನ್ನು ಕೂರಿಸಿದಳು. ಆಮೇಲೆ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ.

ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ತಂತಿಯ ಉರುಳೆಯ ಪಕ್ಕ, ಕೈಯಲ್ಲಿ ಪೆಡಲು. ರೇಣುಕಮ್ಮ ಗೇಟಿನ ಹತ್ತಿರ ನಿಂತು ನೋಡಿದಳು. ಕರೆಯಲಿಲ್ಲ.

ಶಿವಬಸಮ್ಮನವರು ತಟ್ಟೆ ಹಿಡಿದು ಬಂದರು. ಹಿಂದೆ ಸಾವ್ಕಾರರು ಪಂಚೆಯುಟ್ಟು, ಹನುಮಂತರಾಜು, ಮಾರಣ್ಣ, ಪರಶುರಾಂಪುರದ ಆ ಗಿರಾಕಿ. ಎಲ್ಲರೂ ಮಿಂದು ಬಂದಿದ್ದರು. ಅಜ್ಜಿಗೆ ದೃಷ್ಟಿ ಮಂದ. ಒಂದೊಂದೇ ಕೇಳುತ್ತ ಬಂದರು.

"ಇದೇನಪ್ಪ?"

"ವೆಲ್ಡಿಂಗ್ ಮಷೀನು ಅವ್ವ." ಕುಂಕುಮ, ಹೂವು.

"ಇದು?"

"ಗ್ಯಾಸ್ ಸಿಲಿಂಡರು." ಕುಂಕುಮ, ಹೂವು.

"ಆ ಕರೆಂಟಿಲ್ದ ಮೋಟ್ರು ಅಂದಿದ್ಯಲ್ಲ, ಎಲ್ಲೈತೆ?"

ನಾನು ಪೆಡಲು ಒಂದು ಸುತ್ತು ತಿರುಗಿಸಿದೆ.

"ಇಲ್ಲಿದೀನ್ರವ್ವ" ಎಂದೆ.

ಸಾವ್ಕಾರರ ಮುಖ ಕಾದ ಕಬ್ಬಿಣವಾಯಿತು. "ಲೇ ದುರುಗ, ಎದ್ದು ಆಚೆ ಹೋಗಲೇ."

"ಮೋಟ್ರು ಎದ್ದು ಹೋಗ್ತೈತಾ ಸಾವ್ಕಾರ್ರೆ? ಹಳೇದನ್ನ ಗಾದ್ರಪ್ಪ ಎತ್ಕಂಡು ಹೋದ. ಒಂದೇ ಕೈಯಾಗೆ. ನಾನು ಒಂಚೂರು ಭಾರ. ನಾಕು ಜನ ಹಿಡ್ಕಂಡು ಎತ್ತಿ ಇಡ್ರಿ. ಮೋಟ್ರು ಬ್ಯಾಡ ಅನ್ನಲ್ಲ."

ನಾಲ್ಕು ಜನ ಸರಿಯಾಗಿ ಅಲ್ಲೇ ಇದ್ದರು. ನಾಲ್ವರೂ ಮಡಿಯಲ್ಲಿದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಜಿಮ್ಮಿನ ಗೆಳೆಯ ಅಂದು ಬಂದಿರಲಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ. ಅದು ತೋಳಿನ ವಿಷಯವಲ್ಲ.

"ಮಾರಣ್ಣ, ಎಳಿಯಲೇ ಅವನ್ನ."

"ನಾನು ತಟ್ಟೆ ಹಿಡ್ಕಂಡಿದೀನ್ರಿ" ಎಂದ ಮಾರಣ್ಣ. ಅವನ ಕೈಯಲ್ಲಿ ಬರೀ ಊದಿನಕಡ್ಡಿ ಇತ್ತು.

"ನಾಳೆಯಿಂದ ಕೆಲಸಕ್ಕೆ ಬರಬ್ಯಾಡ."

"ಆಗ್ಲಿ. ಎರಡು ಚಾಸಿ ಬಾಕಿ ಅದಾವೆ. ಇವರು ಇಲ್ಲೇ ಅದಾರೆ, ಕೇಳ್ರಿ." ಗಿರಾಕಿಯ ಕಡೆ ಕೈ ತೋರಿಸಿದೆ.

ಗಿರಾಕಿ ಮೆಲ್ಲಗೆ ಕೇಳಿದ, "ಮೂಡಲಗಿರಿಯಪ್ಪ, ನಂದು ಯಾವಾಗ ಆಗ್ತೈತಪ್ಪ?" ಈ ಸಲ ಅವನು ನಗಲಿಲ್ಲ.

ಅಜ್ಜಿ ನನ್ನ ಹತ್ತಿರ ಬಗ್ಗಿ ನೋಡಿದರು. ಅವರಿಗೆ ಈಗ ಅರ್ಥವಾಯಿತು.

"ಇವನೇನೋ ನಿನ್ ಮೋಟ್ರು?"

"ತಮಾಷೆಗೆ ಅಂದಿದ್ದು ಅವ್ವ."

"ತಮಾಷೆಗೆ ದುಡಿಸ್ದೇನು?"

ಅಷ್ಟೇ ಅವರು ಹೇಳಿದ್ದು. ಅವರು ದೊಡ್ಡ ಮನಸ್ಸಿನವರು ಎಂದು ನಾನು ಬರೆಯುವುದಿಲ್ಲ. ಅವರಿಗೆ ಗಂಡನ ಹೆಬ್ಬೆರಳು ನೆನಪಿತ್ತು, ಮೊಮ್ಮಗ ಹನುಮಂತರಾಜುವಿನ ಬೆರಳುಗಳು ಕಣ್ಣ ಮುಂದಿದ್ದವು. ಎರಡು ಹೆಜ್ಜೆ ಹಿಂದೆ ಸರಿದು ಚಿಟಿಕೆ ಕುಂಕುಮ ಎಸೆದರು. ಅದು ನನ್ನ ಎಡಗಣ್ಣಿಗೆ ಬಿತ್ತು. ಹೂವು ಎಸೆದರು, ಪೆಡಲಿಗೆ ಸಿಕ್ಕಿಕೊಂಡಿತು. ನನಗೆ ಹೂವು ಬೇಕಾಗಿರಲಿಲ್ಲ.

"ಪೂಜೆ ಆತು. ಈಗಾದ್ರೂ ಏಳಲೇ" ಎಂದರು ಸಾವ್ಕಾರರು.

"ಏಳ್ತೀನ್ರಿ. ಈ ಮೋಟ್ರಿಗೆ ಬಾಯಾರ್ತೈತೆ."

ಎದ್ದೆ. ಹತ್ತು ಹೆಜ್ಜೆ. ಅವರೆಲ್ಲ ಸರಿದು ದಾರಿ ಬಿಟ್ಟರು. ಬಿಡಲೇಬೇಕು, ಇಲ್ಲದಿದ್ದರೆ ನಾನು ತಾಗುತ್ತೇನೆ. ಹರವಿಯ ಮುಚ್ಚಳ ತೆಗೆದೆ. ಚೊಂಬು ಮುಳುಗಿಸಿದೆ. ಗುಳುಗುಳು ಸದ್ದು ಕೇಳಿತು. ಹನ್ನೊಂದು ವರ್ಷ ಆ ಸದ್ದನ್ನು ದೂರದಿಂದ ಕೇಳಿದ್ದೆ, ಕೈಯಲ್ಲಿ ಅದರ ಅದುರು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಕುಡಿದೆ. ಗಂಟಲಿನಿಂದ ಇಳಿದು ಬಿಳಿ ಅಂಗಿಯ ಮೇಲೂ ಇಳಿಯಿತು. ಎರಡನೇ ಚೊಂಬು ಮುಳುಗಿಸಿದೆ.

"ಶಾಕ್ ಹೊಡಿಲಿಲ್ಲ ಸಾವ್ಕಾರ್ರೆ" ಎಂದೆ.

ಹಿಂದಿನಿಂದ ಚಪ್ಪಲಿ ಸದ್ದು. ರೇಣುಕಮ್ಮ ಗೇಟು ದಾಟಿ ಬಂದು ನನ್ನ ಪಕ್ಕ ನಿಂತಿದ್ದಳು.

"ಮೋಟ್ರು ಕುಡಿದ ಮ್ಯಾಲೆ ಬ್ರಷ್ಷೂ ಕುಡಿಬೇಕಲ್ಲ ದುರುಗಣ್ಣ. ಕೊಡು ಚೊಂಬು."

ಕುಡಿಯುವಾಗ ಚೊಂಬು ಹಲ್ಲಿಗೆ ತಾಗಿ ಟಣ್ ಎಂದಿತು. ಆದರೂ ಪೂರಾ ಕುಡಿದಳು.

ಆ ಸಂಜೆ ಹರವಿಯನ್ನು ರಸ್ತೆಯ ಬದಿಗೆ ಒಯ್ದು ಒಡೆದರು. ಚೊಂಬನ್ನು ಬೆಂಕಿಗೆ ಹಿಡಿದರು. ಆದರೆ ನಾಳೆ ಬರಬೇಡ ಎಂದು ಮತ್ತೆ ಯಾರೂ ಹೇಳಲಿಲ್ಲ. ಮರುದಿನ ಹೊಸ ಹರವಿ ಇತ್ತು. ನಾನು ಅದರಿಂದಲೂ ಕುಡಿದೆ. ಒಡೆದರು. ಮೂರನೆಯದು ಬಂತು. ರೇಣುಕಮ್ಮ ಮೊದಲು ಹೋಗಿ ಕುಡಿದಳು. ಒಡೆದರು. ನಾಲ್ಕನೆಯದಕ್ಕೂ ಅದೇ ಗತಿ. ಒಡೆಯುವ ಕೆಲಸ ಅವರದು, ಕುಡಿಯುವ ಕೆಲಸ ನಮ್ಮದು. ಐದನೆಯ ದಿನ ಶಿವಬಸಮ್ಮನವರೇ ಮಗನಿಗೆ ಅಂದರಂತೆ, "ದಿನಾ ಒಡೆದು ನೀನೇನು ಮಡಿ ಆಗಲ್ಲ. ಕುಂಬಾರ ದೊಡ್ಡ ಮನೆ ಕಟ್ತಾನೆ, ಅಷ್ಟೇ."

ಐದನೇ ಹರವಿ ಉಳಿಯಿತು. ಸಾವ್ಕಾರರು ಮನೆಯಿಂದ ತಮಗೆ ಬೇರೆ ಬಾಟಲಿ ತರತೊಡಗಿದರು. ತರಲಿ. ಬಾಟಲಿಯ ನೀರು ಹನ್ನೊಂದು ಗಂಟೆಗೇ ಕಾಯುತ್ತದೆ. ಹನುಮಂತರಾಜು ಎರಡು ದಿನ ಬಾಟಲಿ ತಂದ. ಮೂರನೆಯ ದಿನ, ನಾನು ಬೆನ್ನು ಮಾಡಿ ಕೂತಿದ್ದಾಗ, ಹಿಂದೆ ಗುಳುಗುಳು ಸದ್ದಾಯಿತು. ನನಗೆ ಕಿವಿ ಚೆನ್ನಾಗಿ ಕೇಳುತ್ತದೆ. ತಿರುಗಿ ನೋಡಲಿಲ್ಲ.

ಏಳನೇ ವಾರ ಬೆಂಗಳೂರಿನಿಂದ ಮೋಟರು ಬಂತು. ಗಾದ್ರಪ್ಪ ಕೂಡಿಸಿದ. ಸಾವ್ಕಾರರು ನನ್ನ ಕಡೆ ನೋಡದೆ ಹೇಳಿದರು, "ಪೆಡಲು ಬಿಚ್ಚಿ ಎಸಿರಿ. ಇನ್ನ ಯಾರ ಹಂಗೂ ಇಲ್ಲ."

ನಾನು ಎದ್ದು ಪೆಡಲು ಎತ್ತಿ ಮೂಲೆಗಿಟ್ಟೆ. ಕಬ್ಬಿಣ ಹೊರಲು ಹೋದೆ.

ಮೋಟರು ಸುಂಯ್ ಎಂದಿತು. ಹನುಮಂತರಾಜು ಗನ್ನು ಒತ್ತಿದ. ತಂತಿ ಕಬ್ಬಿಣಕ್ಕೆ ಗುದ್ದಿತು. ವೇಗ ಕಡಿಮೆ ಮಾಡಲು ಬಿರಡೆ ತಿರುಗಿಸಿದ. ಗನ್ನಿನ ಬಾಯಿ ಬೆಸೆಯಿತು. ಹಳೇ ಮಷೀನು, ಬಿರಡೆಯ ಸುತ್ತ ಇದ್ದ ಅಂಕಿಗಳೆಲ್ಲ ಮೊದಲೇ ಅಳಿಸಿ ಹೋಗಿದ್ದವು. ಮೊದಲು ಎಷ್ಟಕ್ಕೆ ಇತ್ತೋ ಅವನಿಗೆ ನೆನಪಿಲ್ಲ. ಅವನ ನೆನಪಿನ ವಿಷಯ ಆಗಲೇ ಹೇಳಿದ್ದೇನೆ. ಮಧ್ಯಾಹ್ನದ ತನಕ ಗುದ್ದಿತು, ಬೆಸೆಯಿತು, ಗುದ್ದಿತು. ಸಾವ್ಕಾರರು ಬೈದರು. ಕೊನೆಯ ಚಾಸಿ ಹಾಗೇ ಬಿದ್ದಿತ್ತು.

ನಾನು ಕಬ್ಬಿಣದ ಪಟ್ಟಿ ಹೊತ್ತು ಆ ಕಡೆಯಿಂದ ಬರುತ್ತಿದ್ದೆ.

"ದುರುಗಣ್ಣ" ಎಂದು ಯಾರೋ ಕರೆದರು.

ಅಲ್ಲಿ ನನ್ನನ್ನು ಹಾಗೆ ಕರೆಯುವವಳು ರೇಣುಕಮ್ಮ ಒಬ್ಬಳೇ. ತಿರುಗಿದೆ. ಹನುಮಂತರಾಜು. ಗುರಾಣಿ ತೆಗೆದಿದ್ದ. ಮುಖದಿಂದ ಬೆವರು ಇಳಿಯುತ್ತಿತ್ತು.

"ಎಷ್ಟಕ್ಕೆ ಇಡಬೇಕು ಇದನ್ನ? ಒಂಚೂರು ನೋಡಿ ಹೇಳ್ತೀಯಾ?"

ಪಟ್ಟಿ ಇಳಿಸಿದೆ. ಹೋಗಿ ಬೆಳಕಿಗೆ ಬೆನ್ನು ಮಾಡಿ ನನ್ನ ಹಳೇ ಜಾಗದಲ್ಲಿ ಕೂತೆ. ಕೈ ಹಿಂದಕ್ಕೆ ಚಾಚಿ ಬಿರಡೆ ಹಿಡಿದೆ. "ಒತ್ತು" ಎಂದೆ. ಅವನು ಒತ್ತಿದ. ಸದ್ದು ದಪ್ಪಗಿತ್ತು. ಒಂದು ಕೂದಲು ತಿರುಗಿಸಿದೆ. ತೆಳುವಾಯಿತು. ಅರ್ಧ ಕೂದಲು ಹಿಂದಕ್ಕೆ ಬಂದೆ. ಸಾಸಿವೆ ಸಿಡಿಯಿತು. ಒಂದೇ ಸಮ. ಸಾವ್ಕಾರರು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಇಷ್ಟಕ್ಕೇ ಇರಲಿ" ಎಂದೆ. "ಈಗ ನೀರು."

ಹನುಮಂತರಾಜು ಗನ್ನು ಕೆಳಗಿಟ್ಟ. ಮಾವನ ಕಡೆ ನೋಡಿದ, ನನ್ನ ಕಡೆ ನೋಡಿದ. ಹರವಿಯ ಹತ್ತಿರ ಹೋಗಿ ಚೊಂಬು ತುಂಬಿಕೊಂಡು ಬಂದ. ಅಭ್ಯಾಸಕ್ಕೆ ಕೈ ಮೇಲೆ ಹೋಯಿತು, ಹೊಯ್ಯಲು. ನಾನು ಬೊಗಸೆ ಒಡ್ಡಲಿಲ್ಲ. ಕೈ ಕಟ್ಟಿಕೊಂಡು ಕೂತೆ. ಕೈ ಮೆಲ್ಲಗೆ ಕೆಳಗೆ ಬಂತು. ಚೊಂಬನ್ನು ನನ್ನ ಎದೆಯ ಮಟ್ಟಕ್ಕೆ ಹಿಡಿದ.

"ತಗೋ."

ನಾನು ತಕ್ಷಣ ತೆಗೆದುಕೊಳ್ಳಲಿಲ್ಲ. ಮನಸ್ಸಿನಲ್ಲಿ ಅವ್ವನ ಬಸ್ಸು ಹೊರಟಿತು. ಹಾನಗಲ್ಲು ಹೋಗಲಿ ಎಂದು ಬಿಟ್ಟೆ. ಬಿ.ಜಿ. ಕೆರೆ ಹೋಗಲಿ ಎಂದು ಬಿಟ್ಟೆ. ತಳಕಿನ ಹತ್ತಿರ ಅವನ ಕೈ ನೋಯತೊಡಗಿತು, ಚೊಂಬಿನ ನೀರು ಅಲುಗಿತು.

ಚಳ್ಳಕೆರೆಯಲ್ಲಿ ಇಸಿದುಕೊಂಡೆ.